ಎರಡು ಗಡಿಯಾರ

ಗೋಜೋ ದ್ವೀಪದ ನಮ್ಮ ಇಗರ್ಜಿಗೆ ಎರಡು ಗಡಿಯಾರ.
ಒಂದು ಸರಿ, ಇನ್ನೊಂದು ಬೇಕೆಂದೇ ತಪ್ಪು:
ಸೈತಾನ ಹೊತ್ತುಗೊತ್ತು ತಿಳಿಯದೆ ತಬ್ಬಿಬ್ಬಾಗಲಿ ಎಂದು.
ಕೀಲಿ ಕೊಡುವವನು ನಾನು, ನೆನು. ನಲವತ್ತು ವರ್ಷ.

ಮಗಳು ಡೊರಿಯೆನ್ ಹೊಡೆಯುವವನನ್ನು ಬಿಟ್ಟಳು,
ಬಲೆ ಹೆಣೆಯುವ ಸಾಧು ಮನುಷ್ಯನ ಕೈಹಿಡಿದಳು.
ಅಂದಿನಿಂದ, ಎಲ್ಲರೂ ಪರಮಪ್ರಸಾದಕ್ಕೆ ಏಳುವಾಗ
ಕೊನೆಯ ಬೆಂಚಿನಲ್ಲಿ ಮಗುವಿನ ಲೇಸು ಬಿಗಿಯುತ್ತಾಳೆ,
ಬಿಗಿದದ್ದನ್ನೇ ಬಿಚ್ಚಿ.

‘ಕಾಲ ಬದಲಾಯ್ತು, ಫಾದರ್’ ಅಂದೆ.
‘ನಾಳೆ ಮತ್ತೆ ಬದಲಾಗುತ್ತೆ, ನೆನು.
ನಾವು ಮಾತು ಕೊಟ್ಟದ್ದು ಕಾಲಕ್ಕಲ್ಲವಲ್ಲ.’
ಅದೂ ಸುಳ್ಳಲ್ಲ.
ಕಾಲಕ್ಕೆ ತಕ್ಕ ಕೋಲ ನನಗೂ ಸೇರದು.

ಆದರೆ ಇವತ್ತು ಏಣಿ ಹತ್ತಿ
ಎಣ್ಣೆಗೈಯಲ್ಲಿ ಮುಳ್ಳು ಹಿಡಿದು ನಿಂತವನಿಗೆ
ಒಂದು ಗಳಿಗೆ ಮರೆತೇಹೋಯಿತು
ಯಾವುದು ಸೈತಾನನಿಗೆಂದು ಇಟ್ಟದ್ದು,
ಯಾವುದು ನಮಗೆ.