ಬೂದಿ ಲೆಕ್ಕ

ಮೊದಲು ಬೂದಿ.
ಐದು ಗ್ರಾಂ ಪಾಕ, ಪಿಂಗಾಣಿ ಬಟ್ಟಲು, ಕುಲುಮೆಯ ಕೆಂಪು.
ಸಿಹಿಯೆಲ್ಲ ಹೊಗೆಯಾಗಿ ಹೋದ ಮೇಲೆ
ತಳದಲ್ಲಿ ಉಳಿಯುವುದು ಕಂಪ್ಲಿಯ ನೆಲ.
ಆರಿಸಿ, ತೂಗಿ, ಬರೆಯುತ್ತೇನೆ: ನೂರಕ್ಕೆ ನಾಲ್ಕು ಪಾಯಿಂಟ್ ಒಂದು.
ಹೈದರಾಬಾದಿನ ಟಾನಿಕ್ ಕಂಪನಿ ಕೇಳುವುದು
ಅರ್ಧಕ್ಕಿಂತ ಕಡಿಮೆ.

ಈ ಕಡೆಯ ಬೆಲ್ಲ ತುಸು ಉಪ್ಪು, ಎಲ್ಲರಿಗೂ ಗೊತ್ತು.
ಕಾಲುವೆಯ ಕೆಳಗೆ ಸವುಳೆದ್ದ ಹೊಲ
ಬೆಳಗಿನ ಜಾವ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಿರುತ್ತದೆ.
ಅಲ್ಲೇ ಕಾಲೂರಿದ ಕಬ್ಬು
ಕುಡಿದದ್ದನ್ನೇ ಕೊಡುತ್ತದೆ,
ಮುಚ್ಚಿಡಲು ಅದಕ್ಕೆ ಬರುವುದಿಲ್ಲ.

ಹೊನ್ನೂರಸಾಬರು ನಲವತ್ತು ವರ್ಷ
ಕೊಪ್ಪರಿಗೆಯ ಮುಂದೆ ಹುಬ್ಬು ಸುಟ್ಟುಕೊಂಡವರು.
ಸುಣ್ಣದ ತಿಳಿ ಒಂದು ತಂಬಿಗೆ,
ಬೆಂಡೆಗಿಡ ಜಜ್ಜಿದ ಲೋಳೆ ಒಂದು ಬಕೀಟು,
ಉಕ್ಕಿ ಬಂದ ಮಡ್ಡಿಯನ್ನು ಜಾಲರಿಯಲ್ಲಿ
ಎತ್ತಿ ಎತ್ತಿ ಬಿಸಾಕಿ ಒಮ್ಮೆ ಕೇಳಿದ್ದರು:
“ಮ್ಯಾಲ ಬಂದದ್ದು ತೆಗೀಬೌದು ಹುಲಿಗೆವ್ವಾ,
ಕರಗಿ ಕುಂತದ್ದು ಹ್ಯಾಂಗ ತೆಗೀತಿ?”

ಪೆಟ್ಟಿಗೆ ದೊಡ್ಡದೇನಲ್ಲ, ಮದುವೆಯ ಟ್ರಂಕಿನಷ್ಟು.
ಒಳಗೆ ಇನ್ನೂರು ಹಾಳೆ,
ರೊಟ್ಟಿಯ ಮೇಲ್ಪದರು ಸುಲಿದಷ್ಟು ತೆಳ್ಳಗೆ.
ಒಂದು ಧನವನ್ನಷ್ಟೇ ದಾಟಿಸುತ್ತದೆ,
ಪಕ್ಕದ್ದು ಋಣವನ್ನಷ್ಟೇ.
ಸ್ವಿಚ್ಚು ಒತ್ತಿದರೆ ಸದ್ದಿಲ್ಲ, ಹೊಗೆಯಿಲ್ಲ;
ಧನ ಹೊತ್ತ ಪೊಟ್ಯಾಷ್ ಋಣದ ಕಡೆ ಹೊರಡುತ್ತದೆ,
ಋಣ ಹೊತ್ತ ಕ್ಲೋರೈಡ್ ಧನದ ಕಡೆ,
ತನ್ನಲ್ಲಿಲ್ಲದ್ದನ್ನು ಹುಡುಕಿಕೊಂಡು.
ಸಕ್ಕರೆಗೆ ಧನವೂ ಇಲ್ಲ ಋಣವೂ ಇಲ್ಲ.
ಯಾರು ಕರೆದರೂ ಅದು ತನ್ನನ್ನಲ್ಲವೆಂಬಂತೆ
ನಡುವಿನ ಓಣಿಯಲ್ಲಿ ನಿಧಾನ ಹರಿಯುತ್ತದೆ.

ಅರ್ಧ ತಾಸಿಗೊಮ್ಮೆ ನಾನು
ಧನವನ್ನು ಋಣ ಮಾಡುತ್ತೇನೆ, ಋಣವನ್ನು ಧನ.
ಹಾಳೆಗೆ ಕಚ್ಚಿದ ಬಿಳಿ ಆಗ ಬಿಡುತ್ತದೆ:
ಸುಣ್ಣ, ಸಾಬರ ತಂಬಿಗೆಯದೇ.
ಹೊರಗಟ್ಟಲೆಂದು ಸುರಿದದ್ದೂ
ಹೊರಹೋಗಲು ಸರದಿಯಲ್ಲಿ ನಿಂತಿರುತ್ತದೆ.

ಮೂರು ಗಂಟೆಗೆ ಕರೆಂಟು ಹೋಯಿತು.
ಫ್ಯಾನು ನಿಂತಿತು, ಪಂಪು ನಿಂತಿತು,
ಬಿಸಿಲು ಮಾತ್ರ ನಿಲ್ಲಲಿಲ್ಲ.
ಬ್ಯಾಟರಿಯ ಮೀಟರು ಹಿಡಿದು ಪಾಕದ ಮುಂದೆ ಕೂತೆ.
ಕಳಿಸಿದ ಉಪ್ಪು ಒಂದೊಂದೇ ಗೆರೆ
ಹಿಂದಕ್ಕೆ ಬರುತ್ತಿತ್ತು,
ತವರಿನ ಬಾಗಿಲು ತೆರೆದೇ ಇದೆಯೆಂದು ಗೊತ್ತಿದ್ದವರ ಹಾಗೆ.
ಬೈಯಬೇಕೆನಿಸಿತು. ಬೈಯಲಿಲ್ಲ.
ಸಂಜೆ ದೀಪ ಹತ್ತಿದಾಗ ಮತ್ತೆ ಮೊದಲಿಂದ.

ಏಳಕ್ಕೆ ಸಾಬರು ಬಂದರು, ಟಿವಿಎಸ್ ಗೋಡೆಗೊರಗಿಸಿ,
ಚಪ್ಪಲಿ ಹೊರಗೆ ಬಿಟ್ಟು, ದವಾಖಾನೆಗೆ ಬಂದಂತೆ ನಿಂತು.
ಒಂದು ಚಮಚ ಕೊಟ್ಟೆ. ಗಾಜಿನಂಥ ಪಾಕ,
ಆಚೆಗಿದ್ದ ಟ್ಯೂಬ್‌ಲೈಟು ಕಾಣುವಷ್ಟು.
ನಾಲಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.
“ಸಿಹಿ ಐತಿ.”
ಇನ್ನೂ ಸ್ವಲ್ಪ ಹೊತ್ತು ಬಿಟ್ಟು,
“ಯಾ ಊರಿಂದು ಇದು?”

ನಮ್ಮದೇ ಅಂದೆ.
ಅವರು ತಲೆ ಅಲ್ಲಾಡಿಸಿದರು, ಹೌದೆಂದೋ ಅಲ್ಲವೆಂದೋ.
ಮೂಲೆಯ ನೀಲಿ ಡ್ರಮ್ಮಿಗೆ ಬೆರಳದ್ದಿ
ಬೇಡ ಬೇಡ ಎನ್ನುವುದರೊಳಗೆ ನೆಕ್ಕಿ
ಮುಖ ಕಿವುಚಿ ನಕ್ಕರು:
“ಹಾಂ. ಇದು ನಮ್ದು.”

ಆ ಡ್ರಮ್ಮಿಗೆ ರಿಜಿಸ್ಟರಿನಲ್ಲಿ ಕಾಲಮ್ಮಿಲ್ಲ.
ಚರಂಡಿಗೆ ಬಿಟ್ಟರೆ ಹಳ್ಳಕ್ಕೆ,
ಹಳ್ಳದಿಂದ ಮತ್ತೆ ಅದೇ ಹೊಲದ ಬದುವಿಗೆ;
ಯಾರೂ ಕೇಳಿಲ್ಲ, ನಾನೂ ಬರೆದಿಲ್ಲ.
“ತೆಂಗಿಗೆ ಉಪ್ಪು ಹಾಕ್ತಾರಲ್ಲ,” ಎಂದು ಸಾಬರು
ಒಂದು ಕ್ಯಾನು ತುಂಬಿ, ಸೀಟಿಗೆ ಹಗ್ಗ ಬಿಗಿದು ಹೋದರು.
ಒಂದೇ ಕ್ಯಾನು. ಡ್ರಮ್ಮು ಹನ್ನೆರಡು.

ರಾತ್ರಿ ಮತ್ತೆ ಬೂದಿ: ಸೊನ್ನೆ ಪಾಯಿಂಟ್ ಮೂರು.
ಸಹಿ ಹಾಕಿ, ಬಟ್ಟಲು ತೊಳೆದೆ.
ತಳದಲ್ಲೊಂದು ಬೂದು ಬಳೆ,
ಆಸಿಡ್ ಹಾಕಿ ಉಜ್ಜಿದರೂ
ಹೋಗಲಿಲ್ಲ.