ಹತ್ತು ಸಾವಿರ ಅಡಿಯಲ್ಲಿ ಕಾಫಿ

"ಗೇರು ಇಳಿಸು ಅಂದೆನಲ್ಲ" ಅಂದೆ.
"ಎರಡು ಸಲ ಅಂದೆ" ಅಂದ ಅರ್ವಿಡ್.
ಎಂಜಿನ್ನಿನ ಮುಳ್ಳು ಕೆಂಪು ಮುಟ್ಟಿತ್ತು.
ಮೂವತ್ತೊಂದು ವರ್ಷದ ಸಂಸಾರವನ್ನೂ
ಇಪ್ಪತ್ತೆಂಟು ಅಡಿಯ ಮನೆಬಂಡಿಯನ್ನೂ
ರಸ್ತೆಯಂಚಿಗೆ ತಂದು ನಿಲ್ಲಿಸಿದೆವು.

ಬೇರ್‌ಟೂತ್ ಘಾಟಿ. ಜೂನಿನಲ್ಲೂ ಆಳೆತ್ತರ ಹಿಮ.
ಚಿಪ್ಸಿನ ಪೊಟ್ಟಣ ತುಂಬು ಬಸುರಿಯ ಹಾಗೆ
ಬಿಗಿದು ಕೂತಿತ್ತು.
ನೀರು ಇಲ್ಲಿ ಬೇಗ ಕುದಿಯುತ್ತದೆ,
ನಾಲಿಗೆ ಸುಡುವಷ್ಟು ಕಾಯುವುದಿಲ್ಲ.
ನಮ್ಮ ಜಗಳವೂ ಹಾಗೇ.

ಆಮೇಲೆ ನೋಡಿದರೆ ಪರ್ಲ್ ಇಲ್ಲ,
ಏಳು ಕೆರೆಯ ನೀರು ಕುಡಿದ ಬೆಕ್ಕು.
ಬಾಗಿಲು ತೆರೆದಿತ್ತು. ತೆರೆದದ್ದು ಯಾರೆಂದು
ಇಬ್ಬರೂ ಕೇಳಲಿಲ್ಲ.
ಅವನು ಟಾರ್ಚು ಹಿಡಿದು ಇಳಿಜಾರಿಗೆ,
ನಾನು ಮನೆಯ ಚಪ್ಪಲಿಯಲ್ಲೇ ಹಿಮಕ್ಕೆ,
ಟ್ಯೂನಾ ಡಬ್ಬಿಯನ್ನು ಚಮಚದಲ್ಲಿ ಬಡಿಯುತ್ತ
ಪರ್ಲ್, ಪರ್ಲ್ ಎಂದೆ.
ಕಣಿವೆ ಸ್ವಲ್ಪ ಅನುಮಾನಿಸಿ
ಒಂದೇ ಒಂದು ಪರ್ಲ್ ವಾಪಸು ಕೊಟ್ಟಿತು.

ಕತ್ತಲಾದ ಮೇಲೆ ಬಂದ, ಬರಿಗೈ.
ಅಳುತ್ತಿದ್ದನೋ, ಏದುಸಿರೋ,
ಈ ಎತ್ತರದಲ್ಲಿ ಗೊತ್ತಾಗುವುದಿಲ್ಲ.

ಗಸ್, ನಮ್ಮ ಕಿವುಡ ಮುದಿನಾಯಿ,
ಇಷ್ಟು ಹೊತ್ತೂ ಕದಲದೆ
ಸಿಂಕಿನ ಕೆಳಗಿನ ಕಪಾಟನ್ನೇ ನೋಡುತ್ತಿತ್ತು,
ಆಗೊಮ್ಮೆ ಈಗೊಮ್ಮೆ ಬಾಲ ನೆಲಕ್ಕೆ ತಟ್ಟುತ್ತ.
ನಮ್ಮ ಕೂಗು ಅದಕ್ಕೆ ಕೇಳಿರಲಿಲ್ಲ.
ನಾವೂ ಅದನ್ನು ಕೇಳಿರಲಿಲ್ಲ.

ಕಪಾಟು ತೆರೆದೆ. ಪೈಪಿನ ಹಿಂದೆ
ಎರಡು ಹಸಿರು ಕಣ್ಣು, ಮೀಸೆಗೆ ಜೇಡರ ಬಲೆ,
ತಡವಾಯಿತೆಂಬ ಮುಖ.
"ಬಾಗಿಲು ನಾನೇ ತೆರೆದದ್ದು" ಅಂದ ಅರ್ವಿಡ್.
ನಾನೂ ತೆರೆದಿದ್ದೆ, ಅವನಿಗಿಂತ ಮೊದಲು.
ಹೇಳಲಿಲ್ಲ. ಕಾಫಿಗಿಟ್ಟೆ.
ಬಿಸಿಯಿರಲಿಲ್ಲ, ಕುಡಿದೆವು.