ನೆಕ್ಕರೆ ಕುಡಿ

ಬಾಯಾರು. ಹೆಸರಲ್ಲೇ ದಾಹವಿರುವ ಊರು.
ಪದವಿನ ಮೇಲೆ ಹನ್ನೊಂದನೆಯ ಮನೆ.
ಕೆಂಪುಕಲ್ಲು ಕೊರೆವ ಯಂತ್ರ ಊಟಕ್ಕೆ ನಿಂತಿತ್ತು.
ನಾನು ಗಣತಿಯ ಮೇಷ್ಟ್ರು, ಕಂಕುಳಲ್ಲಿ ನಮೂನೆಗಳ ಕಟ್ಟು,
ಹೊಟ್ಟೆಯಲ್ಲಿ ಉಪ್ಪಳದ ಹೋಟೆಲಿನ ನಿನ್ನೆಯ ಮೀನುಸಾರು.

ಯಜಮಾನರ ಹೆಸರು? ಚನಿಯಾರು.
ಗಂಡಸಿನ ಹೆಸರು ಕೇಳಿದ್ದು, ಅಂದೆ.
ನಾನೇ, ಅಂದಳು ಮುದುಕಿ.
ಗೋಡೆ? ಕಲ್ಲು. ಮಾಡು? ಶೀಟು.
ನೀರು? ಕೆಳಗಿನ ಸುರಂಗದ್ದು,
ಮೇ ತಿಂಗಳಲ್ಲಿ ಅದೂ ಉಗುಳಿದಷ್ಟೇ.
ಶೌಚಾಲಯ ಇದೆಯೇ
ಎಂಬಲ್ಲಿಗೆ ಬಂದಾಗ
ಪ್ರಶ್ನೆ ಸರಕಾರದ್ದಾಗಿ ಉಳಿಯಲಿಲ್ಲ.

ಮೂರನೆಯ ಸಲ ಹೊರಬಂದಾಗ
ಜಗಲಿಯಲ್ಲಿ ಅವಳಿಲ್ಲ.
ಕೋರೆಯ ಅಂಚಿನಲ್ಲಿ ಬಗ್ಗಿ
ನೇರಳೆ ಹೂವಿನ ಪೊದೆಯಿಂದ ಚಿವುಟುತ್ತಿದ್ದಾಳೆ,
ತುದಿ ಮಾತ್ರ, ಎರಡೆಲೆ ಮಾತ್ರ,
ಮಲಗಿದ ಮಗುವಿನ ಉಗುರು ತೆಗೆಯುವ ಹಾಗೆ.

ನೆಕ್ಕರೆ, ಅಂದಳು.
ಅತಿರಾಣಿ, ಎಂದು ತಿದ್ದಿದಳು ಬೇಲಿಯಾಚೆಯಿಂದ ಅವ್ವಮ್ಮ.
ಅತಿರ್ ಅಂದರೆ ಗಡಿ. ಓದಿದವನಲ್ಲವೇ, ಗಡಿಯ ರಾಣಿ ಎಂದು
ಏನೋ ಚಮತ್ಕಾರ ಹೇಳಲು ಬಾಯಿ ತೆರೆದೆ.
ಹೊಟ್ಟೆ ಬಿಡಲಿಲ್ಲ.

ಎಲೆ ದನದ ನಾಲಗೆಯಷ್ಟು ಒರಟು,
ಒಂದನೇ ಕ್ಲಾಸಿನ ಕಾಪಿಯಂತೆ ಉದ್ದಕ್ಕೆ ಗೆರೆ.
ತುಪ್ಪದಲ್ಲಿ ಬಾಡಿಸಿದಳು, ಜೀರಿಗೆ, ನಾಲ್ಕು ಕಾಳುಮೆಣಸು,
ಒಂದು ಹಿಡಿ ಕಾಯಿತುರಿ.
ಮಜ್ಜಿಗೆ ಅವ್ವಮ್ಮನ ಮನೆಯಿಂದ ಬಂತು.
ಕುಡಿದೆ. ಒಗರು. ಲೋಟ ಕೆಳಗಿಡಲು ಬಿಡದೆ ಮತ್ತೊಂದು.

ಹಣ್ಣು ಪಿಕಳಾರಕ್ಕೂ ಮಕ್ಕಳಿಗೂ, ಅಂದಳು,
ಎಲೆ ಜಜ್ಜಿದರೆ ಗಾಯಕ್ಕೆ, ಒಣಕಡ್ಡಿ ಬಚ್ಚಲೊಲೆಗೆ.
ನಾಲ್ಕು ಹೆತ್ತೆ, ಇದರ ಮೇಲೆಯೇ ಎದ್ದೆ.
ಬರುವ ವರ್ಷ ಕೋರೆ ಇಲ್ಲಿವರೆಗೆ ಬರುತ್ತದಂತೆ.
ಬೇಕಾದರೆ ಬರೆದುಕೊಳ್ಳಿ.

ಟೀವಿಗೆ ಕಾಲಂ ಇತ್ತು, ಸ್ಕೂಟರಿಗಿತ್ತು.
ಹಾಳೆ ಮಗುಚಿ ನೋಡಿದೆ.

ಶಾಲೆ ಬಿಟ್ಟು ಮೊಮ್ಮಗಳು ಬಂದಳು,
ಕೈ ಬೆನ್ನ ಹಿಂದೆ.
ಮನೆಮಾತು ಯಾವುದು?
ನನ್ನದು ತುಳು, ಅಂದಳು ಚನಿಯಾರು,
ಇವಳದ್ದು ಶಾಲೆಯಲ್ಲಿ ಕನ್ನಡ,
ಅವ್ವಮ್ಮನ ಮಕ್ಕಳೊಡನೆ ಜಗಳಕ್ಕೆ ಮಲಯಾಳ.
ಒಂದೇ ಬರೆಯಬೇಕು, ಅಂದೆ.
ಯಾವುದಾದರೂ ಬರೆಯಿರಿ.

ಕಾಯಿ ತಿಂದೆಯೇನೇ, ಅಜ್ಜಿ ಗದರಿದಳು.
ಇಲ್ಲ, ಅಂದಿತು ಹುಡುಗಿ,
ಕಪ್ಪು ನೇರಳೆ ನಾಲಗೆ
ಹಲ್ಲಿನ ಹಿಂದೆ ಅಡಗಿಸಿಕೊಂಡು.
ಏನು ಬರೆದಿದ್ದೇನೆಂದು ನೋಡಲು ಬಂದವಳು
ಹಾಳೆಯ ಮೇಲೆ ಬೆರಳಿಟ್ಟಳು.

ಒರೆಸಿದೆ. ಹರಡಿತು.
ಮನೆಮಾತಿನ ಕಾಲಂ ಇಡೀ.

ಹನ್ನೆರಡನೆಯ ಮನೆಗೆ ನಡೆದೆ, ಹೊಟ್ಟೆ ಸುಮ್ಮನಿತ್ತು.
ಮಂಜೇಶ್ವರದ ಆಫೀಸಿನಲ್ಲಿ ಕೇಳಿದರು, ಇದೇನು ಮೇಷ್ಟ್ರೇ.
ಇಂಕು ಚೆಲ್ಲಿತು, ಅಂದೆ.